ಮಂಡಿಯೂರಿ ಹತ್ತುವ ಮೆಟ್ಟಿಲು

ರೋಮ್ ನೋಡಲು ಬಂದವರು ಮೂವರು: ಮುದುಕಿ ಎರ್ಸಿಲಿಯಾ, ಅವಳ ಮಗ ದೊನಾತೊ, ಸೊಸೆ ನಿವೆಸ್. ಬೆಟ್ಟದೂರಿನಿಂದ ನಸುಕಿಗೇ ಕಾರು ಹತ್ತಿದವರು ಬೆಳಗಿನಿಂದ ಸುತ್ತಿದ್ದೇ ಸುತ್ತಿದ್ದು. ಕೊಲೊಸಿಯಂ ನೋಡಿ ಮುದುಕಿ, "ಇಷ್ಟು ದೊಡ್ಡದು ಕಟ್ಟಿ ಚಾವಣಿ ಹಾಕೋದೇ ಮರೆತ್ರಾ?" ಎಂದಳು. ಕಾರಂಜಿಗೆ ಕಾಸು ಎಸೆಯುತ್ತಿದ್ದವರನ್ನು ಕಂಡು, "ಕೊಬ್ಬು ಜಾಸ್ತಿಯಾಗಿದೆ ಇವಕ್ಕೆ" ಎಂದಳು. ಮಧ್ಯಾಹ್ನ ಹೋಟೆಲಿಗೂ ಬಿಡಲಿಲ್ಲ. ಮನೆಯಿಂದ ಕಟ್ಟಿ ತಂದ ಬ್ರೆಡ್ಡು, ಆಲೂಗಡ್ಡೆ ಹಾಕಿದ ಆಮ್ಲೆಟ್ಟನ್ನೇ ಯಾವುದೋ ಚರ್ಚಿನ ನೆರಳಲ್ಲಿ ಕೂತು ತಿಂದದ್ದಾಯಿತು.

ನಿವೆಸಳ ಕಣ್ಣಿಗೆ ಇದ್ಯಾವುದೂ ಬೀಳಲಿಲ್ಲ. ಅವಳು ಬಂದದ್ದು ಮಗಳಿಗಾಗಿ. ಅಜ್ಜಿಯೇ ಹುಡುಕಿ ಗಂಟು ಹಾಕಿದ್ದ ಗಂಡನನ್ನು ಬಿಟ್ಟು ಒರಿಯೆಟ್ಟಾ ಈ ಊರು ಸೇರಿ ಮೂರು ವರ್ಷವಾಗಿತ್ತು. ಅಂದಿನಿಂದ ಮನೆಯಲ್ಲಿ ಅವಳ ಹೆಸರೆತ್ತುವಂತಿರಲಿಲ್ಲ. ಅದು ಮುದುಕಿಯ ಕಟ್ಟಪ್ಪಣೆ. ದೊನಾತೊ ಅಮ್ಮ ಹಾಕಿದ ಗೆರೆ ದಾಟದ ಪ್ರಾಣಿ. ಮಗಳು ಮೊನ್ನೆ ಫೋನಿನಲ್ಲಿ ಹೇಳಿದ್ದಳು: "ನೀವು ಬರೋ ದಿನ ನಾಲ್ಕು ಗಂಟೆ ತನಕ ಚೌಕದ ಕಲ್ಲುಕಂಬದ ಹತ್ರ ಕಾಯ್ತೀನಮ್ಮಾ. ಬರದಿದ್ರೆ ನೀನೂ ಅವರ ಕಡೆಯೇ ಅಂದ್ಕೋತೀನಿ. ಇನ್ಮೇಲೆ ಫೋನೂ ಮಾಡಲ್ಲ."

ಆ ಚೌಕದ ಕಟ್ಟಡವೊಂದರೊಳಗೇ ಇರುವುದು ಪವಿತ್ರ ಮೆಟ್ಟಿಲು. ಯೇಸುವಿನ ನಾಡಿನಿಂದ ಇಲ್ಲಿಗೆ ತಂದದ್ದು, ಅವನು ವಿಚಾರಣೆಗೆ ಹತ್ತಿದ್ದು ಇದನ್ನೇ ಎಂಬ ನಂಬಿಕೆ. ಇದರ ಮೇಲೆ ಪಾದ ಊರುವಂತಿಲ್ಲ, ಮಂಡಿಯೂರಿಯೇ ಹತ್ತಬೇಕು. ಇಳಿಯಲು ಪಕ್ಕದಲ್ಲಿ ಬೇರೆ ಮೆಟ್ಟಿಲಿದೆ. "ಅತ್ತೆ, ರೋಮಿಗೆ ಹೋಗಿ ಅದನ್ನ ಹತ್ತದೆ ಬಂದ್ರೆ ಊರವರು ಏನಂತಾರೆ?" ಎಂದು ಗಾಳ ಹಾಕಿದ್ದವಳು ನಿವೆಸಳೇ. ಅಮ್ಮ, ಮಗ ಮಂಡಿಯಲ್ಲಿ ಹತ್ತುತ್ತಿರಲಿ, ತಾನು ಮಂಡಿನೋವಿನ ನೆಪ ಹೇಳಿ ಹೊರಗುಳಿಯೋಣ ಎಂಬುದು ಅವಳ ಲೆಕ್ಕಾಚಾರ.

ತಾನೊಂದು ಬಗೆದರೆ ದೈವವೊಂದು ಬಗೆಯಿತು.

"ಅತ್ತೆ, ನನಗೆ ಮಂಡಿ..."

"ನನ್ನ ಮಂಡಿ ಏನು ಕಬ್ಬಿಣದ್ದಾ? ಬಾ, ನೀನು ಈ ಕಡೆ ಹಿಡ್ಕೊ, ಅವನು ಆ ಕಡೆ ಹಿಡ್ಕೊಳ್ಳಲಿ," ಎಂದು ಮುದುಕಿ ಸೊಸೆಯ ರಟ್ಟೆ ಹಿಡಿದಳು. ಆ ಹಿಡಿತದಿಂದ ಇಪ್ಪತ್ತೇಳು ವರ್ಷದಲ್ಲಿ ನಿವೆಸ್ ಒಮ್ಮೆಯೂ ಬಿಡಿಸಿಕೊಂಡಿರಲಿಲ್ಲ.

ಮಂಡಿಯೂರಿದ ಮರುಗಳಿಗೆಗೆ ಹಿಂದಿನ ಮೆಟ್ಟಿಲುಗಳೂ ಭರ್ತಿಯಾದವು. ಮುಂದೆ ಬೆನ್ನುಗಳು, ಹಿಂದೆ ತಲೆಗಳು. ಅಡಕತ್ತರಿಗೆ ಸಿಕ್ಕಿದ ಅಡಿಕೆಯಾದಳು ನಿವೆಸ್. ಸಾಲದ್ದಕ್ಕೆ ಎರ್ಸಿಲಿಯಾ ಮನೆತನದ ಪದ್ಧತಿ ಬೇರೆ: ಮೆಟ್ಟಿಲಿಗೊಬ್ಬರಂತೆ ಸತ್ತವರ ಹೆಸರು ಹೇಳಿ, ಅವರ ಆತ್ಮಕ್ಕೆ ಪ್ರಾರ್ಥಿಸಬೇಕು, ಜೊತೆಗಿದ್ದವರು ಆಮೆನ್ ಅನ್ನಬೇಕು. ಸತ್ತವರಿಗೇನು ಬರವೇ! ಗಂಡ, ಮಾವ, ಮೂವರು ಅಕ್ಕಂದಿರು, ಕಾಲರಾದಲ್ಲಿ ಹೋದ ಮುತ್ತಜ್ಜ, ಕಡೆಗೆ ಊರಿನ ಹಳೇ ಪಾದ್ರಿ.

"ಸ್ವಲ್ಪ ಬೇಗ ಅತ್ತೆ," ಎಂದು ನಿವೆಸ್ ಪಿಸುಗುಟ್ಟಿದಳು. ಕೈಗಡಿಯಾರದಲ್ಲಿ ಮೂರೂಮುಕ್ಕಾಲು ದಾಟಿತ್ತು.

"ಯಾಕೆ, ಒಲೆ ಮೇಲೆ ಹಾಲಿಟ್ಟು ಬಂದಿದೀಯಾ?"

ದೊನಾತೊ, "ಸುಮ್ನಿರೇ, ಅಮ್ಮಂಗೆ ಜಪ ತಪ್ಪುತ್ತೆ," ಎಂದ.

ಮುದುಕಿ ಮುಂದಿನ ಮೆಟ್ಟಿಲಿಗೆ ಮಂಡಿ ಎಳೆದುಕೊಂಡಳು. ತುಟಿ ಕುಣಿಯಿತು, ಹೆಸರೊಂದು ಹೊರಬಿತ್ತು. "ಆಮೆನ್," ಎಂದ ದೊನಾತೊ. "ಆಮೆನ್," ಎಂದಳು ನಿವೆಸ್, ರೂಢಿಯಂತೆ.

ಅಂದಾದ ಮೇಲೆ ಹೆಸರು ತಲೆಗೆ ಹತ್ತಿತು. ಒರಿಯೆಟ್ಟಾ.

"ಯಾರ ಹೆಸರು ಹೇಳಿದ್ರಿ ಅತ್ತೆ?"

"ಕೇಳಿಸ್ತಲ್ಲ. ನೀನೇ ಆಮೆನ್ ಅಂದೆಯಲ್ಲ."

"ಅವಳು ಬದುಕಿದಾಳೆ."

"ನಮ್ಮ ಪಾಲಿಗೆ ಇಲ್ಲ. ಹೋದೋಳಿಗೆ ಒಂದು ಮೆಟ್ಟಿಲಾದ್ರೂ ಕೊಟ್ಟೆ, ಪುಣ್ಯ ಅಂದ್ಕೊ."

ನಿವೆಸಳಿಗೆ ತನ್ನ ನಾಲಿಗೆಯ ಮೇಲೆಯೇ ಹೇಸಿಗೆಯಾಯಿತು. ಹೆತ್ತವಳ ಬಾಯಲ್ಲೇ ಮಗಳ ಸಾವಿಗೆ ಅಸ್ತು ಎಂದಂತಾಗಿತ್ತು. ಅವಳು ರಟ್ಟೆ ಕೊಡವಿಕೊಂಡು ಎದ್ದು ನಿಂತಳು. ಪವಿತ್ರ ಮೆಟ್ಟಿಲ ಮೇಲೆ, ಚಪ್ಪಲಿ ಕಾಲಲ್ಲಿ. ಸುತ್ತಲಿನವರು ಬೆಚ್ಚಿ ಶಿಲುಬೆಯ ಗುರುತು ಹಾಕಿಕೊಂಡರು. ಕೆಳಗಿನಿಂದ ಕಾವಲಿನವನು ಗದರಿದ.

"ಕೂತ್ಕೊಳೇ, ಮಾನ ತೆಗೀಬೇಡ," ಎಂದು ದೊನಾತೊ ಅವಳ ಲಂಗ ಜಗ್ಗಿದ.

"ನಮ್ಮ ಮಗಳು ಹೊರಗೆ ನಿಂತಿದಾಳೆ ರೀ. ಬನ್ನಿ."

ಅವನು ಅಮ್ಮನ ಮುಖ ನೋಡಿದ. ಮುದುಕಿ ತಲೆ ತಿರುಗಿಸದೆಯೇ ಹೇಳಿದಳು: "ಇಳಿ, ನೋಡೋಣ. ಮುಂದಿನ ಮೆಟ್ಟಿಲು ನಿನ್ನ ಹೆಸರಿಗೇ."

"ಆಗ್ಲಿ ಅತ್ತೆ," ಎಂದು ನಿವೆಸ್ ಇಳಿಯತೊಡಗಿದಳು. ಮಂಡಿಯೂರಿದ್ದವರು ಬೈಯುತ್ತಲೇ ಅತ್ತಿತ್ತ ಸರಿದು ದಾರಿ ಬಿಟ್ಟರು. ಯಾರದೋ ಬೆರಳು ತುಳಿದು ಕ್ಷಮೆ ಕೇಳಿದಳು.

ಕೊನೆಯ ಮೆಟ್ಟಿಲಲ್ಲಿ ಅವಳಿಗೆ ಮೇಲಿನಿಂದ ಮುದುಕಿಯ ಗಟ್ಟಿ ದನಿ ಕೇಳಿತು: "ನಮ್ಮ ಸೊಸೆ ನಿವೆಸಳ ಆತ್ಮಕ್ಕೆ..." ನಿವೆಸ್ ಒಂದು ಗಳಿಗೆ ನಿಂತಳು. ಇದೊಂದಕ್ಕಾದರೂ ಅವನು ಬಾಯಿ ಮುಚ್ಚಿಕೊಂಡಿರಲಿ ಎಂದು ಬೇಡಿಕೊಂಡಳು.

"ಆಮೆನ್," ಎಂದ ದೊನಾತೊ.

ಆಮೇಲೆ ಅವಳು ತಿರುಗಿ ನೋಡಲಿಲ್ಲ. ಬಾಗಿಲಾಚೆ, ಚೌಕದ ಬಿಸಿಲಿನಲ್ಲಿ, ಮಗಳು ಇನ್ನೂ ನಿಂತಿದ್ದಳು.