ಕೊನೆಯ ಸಾಲಿನ ಕೋಣೆ

ಆ ಪತ್ರ ಒಂದೇ ಪುಟದ್ದು. ಸತ್ಯವೇದದ, ಎಂದರೆ ಬೈಬಲ್ಲಿನ, ಕೊನೆಯ ಭಾಗದಲ್ಲಿ, ಉದ್ದುದ್ದ ಪತ್ರಗಳ ನಡುವೆ, ಬಸ್ಸಿನ ಸೀಟಿನಲ್ಲಿ ಇಬ್ಬರು ದಪ್ಪನೆಯವರ ನಡುವೆ ಸಿಕ್ಕಿಕೊಂಡ ಸಣಕಲ ಮನುಷ್ಯನ ಹಾಗೆ ಕೂತಿದೆ. ಎರಡು ಹಾಳೆ ಒಟ್ಟಿಗೆ ಅಂಟಿಕೊಂಡರೆ ಸಿಗುವುದೇ ಇಲ್ಲ. ಅದನ್ನು ಬರೆದವನು ಸೆರೆಯಲ್ಲಿದ್ದ ಒಬ್ಬ ಮುದುಕ. ಒಬ್ಬ ಆಳು ತನ್ನ ಯಜಮಾನನ ಮನೆಯಿಂದ ಓಡಿಬಂದು ಈ ಮುದುಕನ ಹತ್ತಿರ ಸೇರಿಕೊಂಡಿದ್ದಾನೆ. ಯಜಮಾನನೂ ವಿಶ್ವಾಸಿಯೇ, ಅವನ ಮನೆಯಲ್ಲೇ ಸಭೆ ಕೂಡುತ್ತದೆ. ಮುದುಕ ಆಳನ್ನು ಹಿಂದಕ್ಕೆ ಕಳಿಸುತ್ತಾ, ಇವನನ್ನು ಆಳೆಂದಲ್ಲ, ಒಡಹುಟ್ಟಿದವನೆಂದು ಸೇರಿಸಿಕೋ, ನಾನೇ ಬಂದೆನೆಂದು ತಿಳಿದುಕೋ ಎಂದು ಕೇಳುತ್ತಾನೆ.

ನಾನು ಕಾಲೇಜಿನಲ್ಲಿ ಇತಿಹಾಸ ಓದಿದವಳು. ಮೂವತ್ತೊಂದು ವರ್ಷ ಶಾಲೆಯಲ್ಲಿ ಅದನ್ನೇ ಕಲಿಸಿದೆ. ನಿವೃತ್ತಳಾದ ಮೇಲೆ ಗುರುವಾರಗಳಂದು ಸಭೆಯ ಹಿಂದಿನ ಕೋಣೆಯಲ್ಲಿ ಹೆಂಗಸರಿಗೆ ಈ ಪತ್ರಗಳನ್ನು ಓದಿಸುತ್ತಿದ್ದೇನೆ. ಈ ಪತ್ರ ನನಗೆ ಬಹಳ ಇಷ್ಟ. ಇದಕ್ಕೆಂದೇ ಎರಡು ವಾರ ತೆಗೆದಿಡುತ್ತಿದ್ದೆ. ಕೊನೆಯ ನಾಲ್ಕು ಸಾಲು ಮಾತ್ರ ಬಿಟ್ಟುಬಿಡುತ್ತಿದ್ದೆ. ಪ್ರಯಾಣದ ಮಾತು, ಯಾರು ಯಾರಿಗೆ ವಂದನೆ ಹೇಳಿದರು ಎಂಬುದು. ಅಷ್ಟು ಹೊತ್ತಿಗೆ ಎಲ್ಲರಿಗೂ ಮನೆಗೆ ಹೋಗುವ ಆತುರ.

ಆ ಹುಡುಗಿ ಬಂದದ್ದು ಒಂದು ಬೆಳಿಗ್ಗೆ, ನಾನು ಬಾಗಿಲ ಮೆಟ್ಟಿಲು ಗುಡಿಸುತ್ತಿದ್ದಾಗ. ಇಪ್ಪತ್ತೈದರ ಒಳಗಿನವಳು. ನಮ್ಮ ಸಭೆಯ ಹಿರಿಯರೊಬ್ಬರ ಲಾಂಡ್ರಿಯಲ್ಲಿ ಕೆಲಸ. ಕೈ ಬಲು ಬೇಗ ಓಡುತ್ತದೆಂದು ಅಲ್ಲಿಯ ಹೆಂಗಸರು ಅವಳನ್ನು ಚುರುಕಿ ಅನ್ನುತ್ತಿದ್ದರು. ಬಂದವಳೇ ನನ್ನ ಕೈಯಿಂದ ಪೊರಕೆ ಕಿತ್ತುಕೊಂಡಳು.

"ಓಡಿ ಬಂದ್ಬಿಟ್ಟೆ ಟೀಚರಮ್ಮ."

"ಎಲ್ಲಿಂದ?"

"ಲಾಂಡ್ರಿಯಿಂದ. ಇನ್ನೆಲ್ಲಿಂದ ಓಡ್ಲಿ, ನಂಗೇನು ಅರಮನೆ ಇದ್ಯಾ?"

ಐದು ಮೆಟ್ಟಿಲೂ ಗುಡಿಸಿ ಮುಗಿಸಿದ ಮೇಲೆಯೇ ಪೊರಕೆ ಕೆಳಗಿಟ್ಟು ನಡೆದದ್ದನ್ನು ಹೇಳಿದಳು.

ಆ ಲಾಂಡ್ರಿಗೆ ಊರಿನ ದೊಡ್ಡ ಆಸ್ಪತ್ರೆಯ ಬೆಡ್‌ಶೀಟುಗಳೆಲ್ಲ ಬರುತ್ತವೆ. ಹತ್ತೊಂಬತ್ತು ಹೆಂಗಸರು ಒಗೆದು, ಹಿಂಡಿ, ಇಸ್ತ್ರಿ ಮಾಡಿ, ಮಡಿಸಿ ಕಳಿಸುತ್ತಾರೆ, ಹಿಂದಿನ ಶೆಡ್ಡಿನಲ್ಲೇ ಮಲಗುತ್ತಾರೆ. ಇಸ್ತ್ರಿಗೆ ಕಾದ ರೋಲರುಗಳ ಯಂತ್ರ ಇದೆ. ಒದ್ದೆ ಬೆಡ್‌ಶೀಟಿನ ತುದಿಯನ್ನು ಇಬ್ಬರು ಎರಡು ಕಡೆ ಹಿಡಿದು ರೋಲರಿನ ಬಾಯಿಗೆ ಕೊಡಬೇಕು. ಬಾಯಿಯ ಮುಂದೆ ಒಂದು ಉಕ್ಕಿನ ಪಟ್ಟಿ. ಬೆರಳು ಅದಕ್ಕೆ ತಗುಲಿದರೆ ಯಂತ್ರ ತಟ್ಟನೆ ನಿಲ್ಲುತ್ತದೆ. ಆದರೆ ಬಟ್ಟೆಯ ದಪ್ಪ ಅಂಚು ತಗುಲಿದರೂ ನಿಲ್ಲುತ್ತದೆ. ಹೀಗೆ ನಿಂತು ನಿಂತು ಕೆಲಸ ಸಾಗುವುದಿಲ್ಲವೆಂದು ಯಜಮಾನರು ಆ ಪಟ್ಟಿಯನ್ನು ಮೇಲಕ್ಕೆತ್ತಿ ತಂತಿಯಿಂದ ಬಿಗಿಸಿದ್ದರು. ಹಿಂದಿನ ತಿಂಗಳು ದೊಡ್ಡಕ್ಕನ ಎರಡು ಬೆರಳು ಹೋದವು. ದೊಡ್ಡಕ್ಕ ಅಲ್ಲಿಯ ಹಳೆಯ ಆಳು.

"ಇನ್ನು ಎಂಟು ಉಂಗುರ ಕೊಡಿಸಿದ್ರೆ ಸಾಕು ಅಂತ ದೊಡ್ಡಕ್ಕ ನಗ್ತಾಳೆ. ನಂಗೆ ನಗು ಬರಲ್ಲ. ಅವಳ ಜಾಗಕ್ಕೆ ನನ್ನ ಹಾಕಿದ್ದಾರೆ. ತಂತಿ ಹಂಗೇ ಇದೆ."

"ಬಿಟ್ಟು ಹೋಗ್ತೀನಿ ಅಂತ ನೇರವಾಗಿ ಹೇಳಬಾರದಿತ್ತಾ?"

"ಹೇಳಿ ಹೋಗೋಕೆ ಕಾಗದ ಬೇಕಲ್ಲ."

ಎಲ್ಲರ ಗುರುತಿನ ಕಾಗದಗಳನ್ನೂ ಯಜಮಾನರು ಆಫೀಸಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದರು. ಕಳೆದುಹೋಗದಿರಲಿ ಎಂದು, ಅನ್ನುತ್ತಿದ್ದರು. ಚುರುಕಿ ಬೀಗ ಮುರಿದು ತನ್ನದನ್ನು ಮಾತ್ರ ತೆಗೆದುಕೊಂಡು ಬಂದಿದ್ದಳು. ಸ್ವೆಟರಿನ ಒಳಗಿಂದ ತೆಗೆದು ತೋರಿಸಿದಳು. ಬೆವರಿಗೆ ಅಂಚು ಮೆತ್ತಗಾಗಿತ್ತು.

ಯಜಮಾನರು ಕೆಟ್ಟವರಲ್ಲ ಎಂದೇ ನಾನು ತಿಳಿದಿದ್ದೆ. ನನ್ನ ಗಂಡ ತೀರಿಕೊಂಡಾಗ ಮನೆಗೆ ಕುರ್ಚಿಗಳನ್ನು ತಾವೇ ಹೊತ್ತು ತಂದವರು. ಮಣ್ಣಿಗೆ ಹೋಗುವಾಗ ನನ್ನ ಚಪ್ಪಲಿಯ ಬಾರು ಕಿತ್ತಿತ್ತು. ಅಷ್ಟು ಜನರ ನಡುವೆ ಬಗ್ಗಿ ಪಿನ್ನು ಹಾಕಿಕೊಟ್ಟರು. ಇಂಥವನ್ನು ನಾನು ಮರೆಯುವುದಿಲ್ಲ.

ಚುರುಕಿ ಹನ್ನೊಂದು ದಿನ ನನ್ನ ಮನೆಯಲ್ಲಿದ್ದಳು. ಕಪಾಟಿನ ಬಟ್ಟೆಗಳನ್ನೆಲ್ಲ ಮಡಿಸಿಟ್ಟಳು, ನೆಲ ಒರೆಸುವ ಬಟ್ಟೆಯನ್ನೂ ಬಿಡಲಿಲ್ಲ. ಕೆಲಸ ಹುಡುಕಲು ಹೋದ ಕಡೆಯೆಲ್ಲ, ಹಿಂದಿನ ಯಜಮಾನರಿಂದ ಪತ್ರ ತಾ, ಅಂದರಂತೆ. ಅವಳಿಗೆ ಬೇಕಾಗಿದ್ದುದು ಬೆರಳಿಗೆ ಅಪಾಯವಿಲ್ಲದ ಒಂದು ಕೆಲಸ, ಅಷ್ಟೇ. ಭಾನುವಾರ ಆರಾಧನೆಗೆ ಬರಲೂ ಅವಳಿಗೆ ಭಯ, ಮೊದಲನೆಯ ಸಾಲಿನಲ್ಲೇ ಯಜಮಾನರು ಕೂರುತ್ತಾರಲ್ಲ.

ಆ ವಾರ ಗುರುವಾರದ ಪಾಠ ಅದೇ ಪತ್ರ. ಮೇಜಿನ ಮೇಲೆ ತೆರೆದಿಟ್ಟಿದ್ದನ್ನು ಅವಳೂ ಓದಿದಳು. ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ, ಎರಡು ಸಲ. ದೇವರೇ ಈ ಪುಟ ತೆರೆದಿದ್ದಾನೆ ಎಂದು ನನಗೆ ಅನ್ನಿಸಿತು. ಅನ್ನಿಸಿದ್ದನ್ನು ಹೇಳಿಯೂಬಿಟ್ಟೆ.

"ನಾನೊಂದು ಪತ್ರ ಬರೀತೀನಿ. ನೀನೇ ತಗೊಂಡು ಹೋಗು. ಅವರೂ ಪ್ರಾರ್ಥನೆ ಮಾಡೋ ಮನುಷ್ಯ, ನನ್ನ ಮಾತು ತೆಗೆದುಹಾಕಲ್ಲ."

ಅವಳು ಪುಟದಿಂದ ಬೆರಳು ತೆಗೆಯಲಿಲ್ಲ. "ಇವನು ವಾಪಸ್ ಹೋದ್ನಲ್ಲ, ಆಮೇಲೆ ಏನಾಯ್ತು ಟೀಚರಮ್ಮ?"

"ಅದು ಬರೆದಿಲ್ಲ ಮಗಳೇ. ಯಾರಿಗೂ ಗೊತ್ತಿಲ್ಲ."

"ಗೊತ್ತಿಲ್ದೇನೇ ಕಳಿಸ್ತೀರಾ?"

ನಾನು ನಕ್ಕುಬಿಟ್ಟೆ. ವಿಶ್ವಾಸ ಅಂದರೆ ಅದೇ ಅಲ್ಲವೇ ಅಂದೆ. ಮೂವತ್ತೊಂದು ವರ್ಷ ತರಗತಿಯಲ್ಲಿ ನಿಂತವಳಿಗೆ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ.

ಪತ್ರವನ್ನು ಹಾವೂ ಸಾಯದ ಹಾಗೆ, ಕೋಲೂ ಮುರಿಯದ ಹಾಗೆ ಬರೆದೆ. ಆ ಹಳೆಯ ಮುದುಕನ ಮಾತಿನ ಜಾಡು ಹಿಡಿದೆ. ಇವಳನ್ನು ತಂಗಿಯೆಂದು ಸೇರಿಸಿಕೊಳ್ಳಿ, ಮುರಿದ ಬೀಗದ ಖರ್ಚು ನನ್ನದು ಎಂದೆ. ಪಟ್ಟಿಯ ವಿಷಯ ಕೊನೆಯಲ್ಲಿ, ಸಾಧ್ಯವಾದರೆ ದಯವಿಟ್ಟು ಗಮನಿಸಿ ಎಂದು. ಆಮೇಲೆ ಇನ್ನೊಂದು ಕೆಲಸ ಮಾಡಿದೆ. ಆ ಮುದುಕ ಯಜಮಾನನ ಒಪ್ಪಿಗೆಯಿಲ್ಲದೆ ಏನೂ ಮಾಡಲಿಲ್ಲ. ನಾನೂ ಹಾಗೇ ಇರಬೇಕೆಂದುಕೊಂಡೆ. ಚುರುಕಿಯ ಗುರುತಿನ ಕಾಗದವನ್ನು ಅವಳಿಂದ ಕೇಳಿ ತೆಗೆದುಕೊಂಡು, ಅದೇ ಲಕೋಟೆಯೊಳಗೆ ಇಟ್ಟು ಅಂಟಿಸಿದೆ. ನಂಬಿಕೆಯ ಗುರುತು ಎಂದು ಅವಳಿಗೆ ವಿವರಿಸಿದೆ. ಅವಳು ಸುಮ್ಮನೆ ಕೊಟ್ಟಳು. ನಾನು ಟೀಚರಮ್ಮ ಅಲ್ಲವೇ.

ಮಂಡಿನೋವೆಂದು ನಾನು ಜೊತೆಗೆ ಹೋಗಲಿಲ್ಲ. ನಾನು ಹೇಳಿಕಳಿಸಿದ ಮೇಲೆ ಲಾಂಡ್ರಿಯ ವ್ಯಾನ್ ಡ್ರೈವರ್ ಬಂದು ಕರೆದೊಯ್ದ. ಅವಳ ಕಾಲ ಬಳಿ ಬಿಸಿ ಇರಲೆಂದು ಒಗೆದ ಟವೆಲುಗಳ ಮೂಟೆಯನ್ನು ಸರಿಸಿಕೊಟ್ಟ. ಅದನ್ನು ನೋಡಿ ನನ್ನ ಮನಸ್ಸು ತುಂಬಿತು.

ಮುಂದಿನ ಭಾನುವಾರ ಯಜಮಾನರು ಚುರುಕಿಯನ್ನು ಕೈಹಿಡಿದು ಕರೆತಂದು, ತಮ್ಮ ಹೆಂಡತಿಯ ಪಕ್ಕದಲ್ಲೇ ಕೂರಿಸಿದರು. ಕಳೆದುಹೋದವಳು ಸಿಕ್ಕಿದಳು ಎಂದು ಎದ್ದುನಿಂತು ಹೇಳಿದರು. ಅರ್ಧ ಸಭೆ ಕಣ್ಣೊರೆಸಿಕೊಂಡಿತು, ನಾನೂ. ಹೊರಗೆ ಬಂದಾಗ ಅಂದರು, "ನಿಮ್ಮ ಪತ್ರಕ್ಕೆ ಫ್ರೇಮ್ ಹಾಕಿಸ್ತಾ ಇದ್ದೀನಿ ಟೀಚರಮ್ಮ. ಆಫೀಸ್ ಗೋಡೆಗೆ."

ಆಮೇಲಿನ ಭಾನುವಾರಗಳಲ್ಲೆಲ್ಲ ಅವಳು ಅದೇ ಜಾಗದಲ್ಲಿ ಕೂತಿರುತ್ತಿದ್ದಳು. ಕೆನ್ನೆ ಇಳಿದಿತ್ತು. "ಎಲ್ಲಾ ಸರಿಯಾಗಿದೆಯಾ?" ಎಂದು ಯಜಮಾನರ ಹೆಂಡತಿಯ ಎದುರಿಗೇ ಕೇಳುತ್ತಿದ್ದೆ. "ಸರಿಯಾಗಿದೆ. ನೀವು ಯಾವಾಗ ಬರ್ತೀರಾ ಟೀಚರಮ್ಮ, ನೋಡೋಕೆ?" ಅನ್ನುತ್ತಿದ್ದಳು. ಮಂಡಿ ಸ್ವಲ್ಪ ವಾಸಿಯಾಗಲಿ ಅನ್ನುತ್ತಿದ್ದೆ. ಮೂರು ಭಾನುವಾರ ಕೇಳಿದಳು. ಆಮೇಲೆ ಕೇಳಲಿಲ್ಲ. ನೆಲೆಯಾದಳು ಎಂದುಕೊಂಡೆ.

ಏಳನೆಯ ವಾರ, ಬುಧವಾರ ಹನ್ನೊಂದು ಗಂಟೆಗೆ ವ್ಯಾನ್ ಬಂತು. ಡ್ರೈವರ್ ಎಂಜಿನ್ ಆಫ್ ಮಾಡದೆ ಇಳಿದ.

"ಬನ್ನಿ ಅಮ್ಮ. ಆ ಹುಡುಗಿ ಕೈ..." ಅಂದ. ನನ್ನ ಚಪ್ಪಲಿಗಳನ್ನು ತಾನೇ ಎತ್ತಿ ಮುಂದಿಟ್ಟ.

ಬಲಗೈ. ಮಣಿಕಟ್ಟಿನಿಂದ ಕೆಳಗೆ ಏನನ್ನೂ ಉಳಿಸಲಾಗಲಿಲ್ಲ ಎಂದರು ಆಸ್ಪತ್ರೆಯ ಡಾಕ್ಟರು. ಅವಳು ಮಲಗಿದ್ದ ಬೆಡ್‌ಶೀಟಿನ ಅಂಚಿನಲ್ಲಿ ಲಾಂಡ್ರಿಯ ನೀಲಿ ಮುದ್ರೆ ಇತ್ತು. ಯಜಮಾನರು ಮಂಚದ ಕಾಲ ಬಳಿ ಮಂಡಿಯೂರಿ ಪ್ರಾರ್ಥಿಸುತ್ತಿದ್ದರು. ಅವರ ಕಣ್ಣೀರು ನಿಜವಾದದ್ದೇ. ಅವರು ಎದ್ದು ಹೊರಗೆ ಹೋದ ಮೇಲೆ ಮಂಚದ ಪಕ್ಕದಲ್ಲಿ ನಿಂತಿದ್ದ ದೊಡ್ಡಕ್ಕನನ್ನು ಕೇಳಿದೆ, "ಪಟ್ಟಿ?"

"ಕಟ್ಟಿತ್ತು," ಅಂದಳು ದೊಡ್ಡಕ್ಕ. "ಒಂದಿನಾನೂ ಬಿಚ್ಚಿಲ್ಲ. ನಿಮ್ಮ ಪತ್ರ ಗೋಡೆ ಮೇಲೆ, ತಂತಿ ಪಟ್ಟಿ ಮೇಲೆ. ಎರಡೂ ಗಟ್ಟಿಯಾಗೇ ಇವೆ."

ಚುರುಕಿ ಕಣ್ಣು ತೆರೆದಿದ್ದಳು. ನಾನು ಅವಳ ಎಡಗೈ ಹಿಡಿದೆ. ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

"ಮಗಳೇ, ನನ್ನಿಂದ ತಪ್ಪಾಯ್ತು."

"ನಾನು ಕಾಯ್ತಿದ್ದೆ," ಅಂದಳು. ಔಷಧದ ಮಂಪರಿನಲ್ಲಿ ನಾಲಗೆ ಎಡವುತ್ತಿತ್ತು. "ಆ ಮುದುಕ ಕೊನೇಲಿ ಬರ್ದಿದ್ದ. ನಂಗೊಂದು ಕೋಣೆ ರೆಡಿ ಮಾಡಿಡು, ನಾನು ಬರ್ತೀನಿ ಅಂತ. ನಿಮ್ಮ ಪುಸ್ತಕದಲ್ಲಿ ಓದಿದ್ದೆ. ನೀವೂ ಬರ್ದಿರ್ತೀರಾ ಅಂದ್ಕೊಂಡಿದ್ದೆ. ಆಫೀಸ್ ಒರೆಸೋಕೆ ಹೋದಾಗ ಗೋಡೆ ಮೇಲೆ ನೋಡ್ದೆ. ಆ ಸಾಲು ಇರ್ಲಿಲ್ಲ."

ಮನೆಗೆ ಬಂದು ಪುಟ ತೆರೆದೆ. ಇತ್ತು. ವಂದನೆಗಳಿಗೆ ಮುಂಚಿನ ಸಾಲು. ಇಪ್ಪತ್ತು ವರ್ಷದಿಂದ ನಾನು ಪುಸ್ತಕ ಮುಚ್ಚುತ್ತಿದ್ದ ಜಾಗದಿಂದ ಒಂದು ಬೆರಳಗಲ ಕೆಳಗೆ. ಅಷ್ಟು ಇಂಪಾದ ಮಾತುಗಳನ್ನೆಲ್ಲ ಬರೆದ ಮೇಲೆ ಆ ಮುದುಕ, ತಾನೇ ಬಂದು ಕಣ್ಣಾರೆ ನೋಡುತ್ತೇನೆ ಎಂದಿದ್ದಾನೆ. ಸಂಕೋಲೆಯಲ್ಲಿದ್ದವನು. ನನಗೆ ಇದ್ದದ್ದು ಮಂಡಿನೋವು. ಅವನ ಇಂಪನ್ನೆಲ್ಲ ನಕಲು ಮಾಡಿದ ನಾನು ಯಜಮಾನನಿಗೆ ಭಯ ಹುಟ್ಟಿಸುವ ಆ ಒಂದು ಸಾಲನ್ನು ಬಿಟ್ಟಿದ್ದೆ.

ಮರುದಿನ ಒಂದು ಚೀಲದಲ್ಲಿ ಎರಡು ಜೊತೆ ಬಟ್ಟೆ, ಮಾತ್ರೆ, ಕನ್ನಡಕ ಹಾಕಿಕೊಂಡು ಲಾಂಡ್ರಿಗೆ ಹೋದೆ. ಯಜಮಾನರು ಎದ್ದು ಕುರ್ಚಿ ಎಳೆದುಕೊಟ್ಟರು. ಫ್ಯಾನ್ ನನ್ನ ಕಡೆ ತಿರುಗಿಸಿದರು. ಅವರ ತಲೆಯ ಮೇಲೆ ಗಾಜಿನೊಳಗೆ ನನ್ನ ದುಂಡಗಿನ ಅಕ್ಷರ.

"ಹುಡುಗಿಯ ಕಾಗದ ಕೊಡಿ," ಅಂದೆ.

ಡ್ರಾಯರಿಗೆ ಹೊಸ ಬೀಗ ಬಂದಿತ್ತು. ತೆಗೆದು, ತಕ್ಷಣ ಕೊಟ್ಟರು. ಅಷ್ಟು ಸುಲಭವಾಗಿ ಕೊಟ್ಟದ್ದು ಯಾಕೆಂದು ಆಮೇಲೆ ಹೊಳೆಯಿತು. ಒಂದು ಕೈಯವಳ ಕಾಗದದಿಂದ ಅವರಿಗೇನು ಕೆಲಸ?

"ಇನ್ನು ನನಗೊಂದು ಕೋಣೆ ಕೊಡಿ."

"ಯಾರಿಗೆ?"

"ನನಗೇ. ಹಿಂದಿನ ಶೆಡ್ಡಿನಲ್ಲಿ ಒಂದು ಮಂಚ ಖಾಲಿ ಆಗಿದೆಯಲ್ಲ."

ಅವರು ನಕ್ಕರು. "ಇದೇನು ಲಾಡ್ಜ್ ಅಲ್ಲ ಟೀಚರಮ್ಮ."

"ಹಾಗಾದ್ರೆ ದಿನಾ ಮನೆಯಿಂದಾನೇ ಬರ್ತೀನಿ. ಆ ಯಂತ್ರದ ಎದುರಿಗೆ ಕೂರ್ತೀನಿ, ತಂತಿ ಬಿಚ್ಚೋವರೆಗೂ."

ಅವರ ದನಿ ಏರಲಿಲ್ಲ. "ತಂತಿ ಬಿಚ್ಚಿದ್ರೆ ದಿನಕ್ಕೆ ಮುನ್ನೂರು ಬೆಡ್‌ಶೀಟ್ ಕಮ್ಮಿ ಆಗುತ್ತೆ. ಆಸ್ಪತ್ರೆಯವರು ಬೇರೆ ಲಾಂಡ್ರಿ ನೋಡ್ಕೋತಾರೆ. ಇಷ್ಟು ಜನ ಹೆಂಗಸರು ಎಲ್ಲಿಗೆ ಹೋಗ್ಬೇಕು? ನಿಮಗೆ ಪಾಠ ಹೇಳೋದು ಸುಲಭ. ನಂಗೆ ಇವರ ಹೊಟ್ಟೆ ನೋಡ್ಬೇಕು."

"ಹೊಟ್ಟೆ ನೋಡಿ. ಕೈಯನ್ನೂ ನೋಡಿ," ಅಂದೆ. ಇದಕ್ಕಿಂತ ಜಾಣ ಉತ್ತರ ನನಗೆ ಹೊಳೆಯಲಿಲ್ಲ.

ಅವರು ಎಳೆದುಕೊಟ್ಟ ಕುರ್ಚಿಯನ್ನೇ ಎಳೆದುಕೊಂಡು ಒಳಗೆ ಹೋದೆ. ಅದರ ಕಾಲು ಸಿಮೆಂಟಿನ ಮೇಲೆ ಕಿರ್ರೆಂದಿತು. ಬಾಗಿಲು ದಾಟುವಾಗಲೇ ಹಬೆ ಮುಖಕ್ಕೆ ಹೊಡೆಯಿತು. ಇಷ್ಟು ವರ್ಷ ಆಫೀಸಿಗೆ ಬಂದು ನೀರು ಕುಡಿದು ಹೋಗಿದ್ದೆ, ಆ ಬಾಗಿಲು ದಾಟಿರಲಿಲ್ಲ. ಚುರುಕಿಯ ಜಾಗದಲ್ಲಿ ಆಗಲೇ ಇನ್ನೊಬ್ಬಳು ನಿಂತಿದ್ದಳು. ರೋಲರಿನ ಬಾಯಿ ಅವಳ ಉಗುರುಗಳಿಂದ ನಾಲ್ಕು ಅಂಗುಲ ದೂರ.

ನಾನು ಹೀಗೆ ದಿನಾ ಹೋಗಿ ಕೂತ ಹತ್ತನೆಯ ದಿನ ದೊಡ್ಡಕ್ಕ ಉಳಿದ ಮೂರು ಬೆರಳಲ್ಲಿ ಇಕ್ಕಳ ಹಿಡಿದು ಎಲ್ಲರೆದುರಿಗೇ ತಂತಿ ಕತ್ತರಿಸಿದಳು. ಆ ದಿನ ಯಂತ್ರ ಅರುವತ್ತು ಸಲ ನಿಂತಿತು. ಮರುದಿನ ಬೆಳಿಗ್ಗೆ ಹೊಸ ತಂತಿ ಕಟ್ಟಿತ್ತು, ಮೊದಲಿಗಿಂತ ದಪ್ಪನೆಯದು. ದೊಡ್ಡಕ್ಕನನ್ನು ಕೆಲಸದಿಂದ ತೆಗೆದುಹಾಕಿದ್ದರು. ಸಭೆಯಲ್ಲಿ ಈಗ ನನ್ನ ಬೆಂಚಿನಲ್ಲಿ ಜನ ಕೂರುವುದು ಕಡಿಮೆ. ಗುರುವಾರದ ಪಾಠಕ್ಕೆ ಐವರು ಬರುತ್ತಾರೆ. ಅವರಿಗೆ ಪತ್ರವನ್ನು ಕೊನೆಯಿಂದ ಓದಿಸುತ್ತೇನೆ. ಒಬ್ಬರನ್ನು ಯಾರದಾದರೂ ಬಾಗಿಲಿಗೆ ಕಳಿಸಿದರೆ ನಾವೂ ಆ ಬಾಗಿಲಿಗೆ ಹೋಗಬೇಕು, ಇದು ಬಿಟ್ಟು ನನಗೆ ಬೇರೇನೂ ಹೇಳಲು ಬರುತ್ತಿಲ್ಲ. ಐವರಲ್ಲಿ ಇಬ್ಬರು ಈಗ ಸರದಿಯ ಮೇಲೆ ನನ್ನೊಡನೆ ಯಂತ್ರದ ಮುಂದೆ ಕೂರುತ್ತಾರೆ. ತಂತಿ ಇನ್ನೂ ಇದೆ.

ಚುರುಕಿ ನನ್ನ ಮನೆಯ ಹಿಂದಿನ ಕೋಣೆಯಲ್ಲಿದ್ದಾಳೆ. ಯಾರೂ ಅವಳನ್ನು ಆ ಹೆಸರಿನಿಂದ ಕರೆಯುವುದಿಲ್ಲ. ಗುರುವಾರದ ಪಾಠಕ್ಕೆ ಬರುವುದಿಲ್ಲ. ನಾನು ಎರಡು ಸಲ ಕ್ಷಮೆ ಕೇಳಿದೆ, ಉತ್ತರ ಕೊಟ್ಟಿಲ್ಲ. ಮೂರನೆಯ ಸಲ ಕೇಳಿ ಅವಳ ಮೇಲೆ ಭಾರ ಹೊರಿಸುವುದಿಲ್ಲ.

ಆದರೆ ದಿನಾ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಮೇಜಿನ ಮೇಲೆ ನನ್ನ ಊಟದ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿಟ್ಟಿರುತ್ತಾಳೆ. ಲಾಂಡ್ರಿಯಲ್ಲಿ ಮಧ್ಯಾಹ್ನ ಗಂಟು ಬಿಚ್ಚುವಾಗ ಬಟ್ಟೆಯ ತುದಿ ತೇವವಾಗಿರುತ್ತದೆ. ಒಂದು ತುದಿಯನ್ನು ಎಡಗೈಯಲ್ಲಿ ಹಿಡಿದು, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿ ಕಟ್ಟಿದ ಗಂಟು ಅದು. ಬಿಚ್ಚಲು ನನ್ನ ಎರಡೂ ಕೈ ಬೇಕಾಗುತ್ತವೆ.