ಹುಲ್ಲಪ್ಪನ ಕುರಿಗಳ ಲೆಕ್ಕ

ಹುನಗುಂದ ತಾಲೂಕಿನಲ್ಲಿ ಇಪ್ಪತ್ತೆಂಟು ವರ್ಷ ಮಾಸ್ತರಿಕೆ ಮಾಡಿದೆ. ಹೆಸರಿಗೆ ಮಾಸ್ತರ, ಅರ್ಧ ನೌಕರಿ ಸರ್ವೇ ಮಾಡುವುದರಲ್ಲೇ ಹೋಯಿತು. ಇಳಕಲ್ಲಿನಲ್ಲಿ ಮಗ್ಗದ ಸರ್ವೇ, ಹಳ್ಳಿಗಳಲ್ಲಿ ಬಾವಿ ಸರ್ವೇ, ಸಾಲೆ ಬಿಟ್ಟ ಮಕ್ಕಳ ಸರ್ವೇ, ಸಾಲದ್ದಕ್ಕೆ ಕುರಿ ಕೋಳಿಗಳದ್ದೂ. ಭೂಮಿ ಅಳೆಯುವ ಸರಪಳಿಯೊಂದನ್ನು ಮಾತ್ರ ನನ್ನ ಕೈಗೆ ಕೊಡಲಿಲ್ಲ, ಪುಣ್ಯ!

ಎಪ್ಪತ್ತೇಳರ ಬೇಸಿಗೆಯಲ್ಲಿ ಕುರಿ ಎಣಿಕೆಯ ಫಾರ್ಮು ಹಿಡಿದು ಒಂದು ಹಳ್ಳಿಯ ಕುರುಬ ಹುಲ್ಲಪ್ಪನ ಕುರಿ ದಡ್ಡಿಗೆ ಹೋದೆ. ಬೀರಪ್ಪ ದೇವರ ಒಕ್ಕಲಿನವನು, ಮಾತು ಕಡಿಮೆ. ಬಿಸಿಲು ಇಳಿಯಲೆಂದು ಹಿಂಡನ್ನು ದಡ್ಡಿಯಲ್ಲೇ ಕೂಡಿಹಾಕಿದ್ದ.

"ಎಷ್ಟು ಕುರಿ ಅದಾವೋ?"

"ಅದಾವ್ರಿ."

"ಎಷ್ಟಲೇ? ನೀ ಎಷ್ಟು ಹೇಳ್ತಿ ಅಷ್ಟ ಸಿಡುಬಿನ ಔಷಧ ಬರ್ತೈತಿ. ಬ್ಯಾನಿ ಬರೂ ಮೊದ್ಲ ಸೂಜಿ ಹಾಕ್ತಾರ."

"ನಾವು ಕುರಿ ಎಣಿಸಂಗಿಲ್ರಿ ಮಾಸ್ತರ. ಎಣಿಸಿದ್ರ ದೃಷ್ಟಿ ಆಕ್ಕೈತಿ. ನಮ್ಮಪ್ಪನೂ ಎಣಿಸಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಮತ್ತ ಸಂಜೀಕ ಒಂದು ಕಡಿಮಿ ಬಂದ್ರ ಹೆಂಗ ತಿಳಿತೈತಿ?"

"ಮಕ ಮಾರಿ ನೋಡಿದ್ರ ತಿಳಿತೈತ್ರಿ."

ಅವನ ಹೆಂಡತಿ ಬೋರವ್ವ ನಡುವೆ ಬಾಯಿ ಹಾಕಿದಳು. "ಅಂವ ಒಂದೊಂದರ ಹೆಸರು ಹೇಳ್ತಾನ್ರಿ, ನೀವು ಗೀಟು ಹಾಕ್ಕೋತ ಹೋಗ್ರಿ. ಲೆಕ್ಕ ನೀವು ಮಾಡಿದ್ರ ನಮಗ ದೋಷ ಇಲ್ಲ."

ಉಪಾಯ ಚೆನ್ನಾಗಿಯೇ ಇತ್ತು. ಆದರೆ ಮೂರರ ಬಸ್ಸು ತಪ್ಪಿದರೆ ಹುನಗುಂದದವರೆಗೂ ನಡೆಯಬೇಕು. ಕುರಿಗಳ ನಾಮಕರಣ ಕೇಳುತ್ತ ಕೂಡಲು ನನಗೇನು ಬೇರೆ ಕೆಲಸವಿಲ್ಲವೇ ಎಂದುಕೊಂಡು, ದಡ್ಡಿಯತ್ತ ಒಮ್ಮೆ ಕಣ್ಣು ಹಾಯಿಸಿ 'ಅರವತ್ತು' ಎಂದು ಬರೆದೆ. ಬಸ್ಸು ಸಿಕ್ಕಿತು.

ಮುಂದಿನ ವರ್ಷ ಬಾವಿ ಸರ್ವೇಗೆ ಮತ್ತೆ ಅದೇ ಊರಿಗೆ ಹಾಕಿದರು. ಹುಲ್ಲಪ್ಪ ಬೇವಿನ ನೆರಳಲ್ಲಿ ಕಂಬಳಿ ಹಾಸಿದ. ಬೋರವ್ವ ಮಜ್ಜಿಗೆ ತಂದಳು. ಹಿಂಡು ಸಣ್ಣದಾಗಿ ಕಂಡಿತು.

"ಸೂಜಿ ಹಾಕಿದ್ರೇನೋ?"

"ಹಾಕಿದ್ರರಿ. ಮುಂದ ಬಂದ್ವಕ್ಕ ಹಾಕ್ಕೋತ ಹೋದ್ರು. ಔಷಧ ಮುಗೀತು. ಕಾಗದದಾಗ ಅರವತ್ತ ಐತಿ ಅಂದ್ರು. ಉಳಿದ್ವು ಒಳಗ ನಿಂತಿದ್ವು."

"ಆಮ್ಯಾಲ?"

"ಆಮ್ಯಾಲ ಬ್ಯಾನಿ ಬಂತ್ರಿ."

ಮಜ್ಜಿಗೆ ಲೋಟ ಕೆಳಗಿಟ್ಟೆ. ಬಯ್ಯಲಿ ಎಂದು ಕಾದೆ. ಗಂಡ ಹೆಂಡತಿ ಇಬ್ಬರೂ ಬಯ್ಯಲಿಲ್ಲ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

"ತಪ್ಪು ನಂದೋ ಹುಲ್ಲಪ್ಪ. ನಾನ ಅಂದಾಜಿನ ಮ್ಯಾಲ ಬರದ್ನಿ."

ಅವನು ಹಿಂಡಿನತ್ತ ತಿರುಗಿದ.

"ಮೂವತ್ನಾಕ್ರಿ," ಎಂದ.

"ಏನು?"

"ಸತ್ತದ್ದು. ಮೂವತ್ನಾಕು."

ಅವನ ಬಾಯಲ್ಲಿ ಎಣಿಕೆ ಕೇಳಿ ಬೆಚ್ಚಿಬಿದ್ದೆ. "ಎಣಿಸಂಗಿಲ್ಲ ಅಂತಿದ್ದೆಲ್ಲೋ?"

"ಇದ್ದದ್ದನ್ನ ಎಣಿಸಬಾರದ್ರಿ ಮಾಸ್ತರ. ಸತ್ತದ್ದಕ್ಕ ಇನ್ಯಾರ ದೃಷ್ಟಿ ತಾಗಬೇಕು? ಹುಗಿಯುವಾಗ ಒಂದೊಂದ ಎಣಿಸೇನಿ."