ಮೈಕ್ ಇಲ್ಲದ ಆಟಗಾರ

ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಮೇಸ್ತ್ರಿಯಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವನು ಫಿಟ್ಟರ್. ಅಣ್ಣ ಎಂದು ಕರೆಯುವುದಕ್ಕೆ ಒಬ್ಬ ತಮ್ಮನಿದ್ದ. ಆ ತಮ್ಮ ಮದುವೆಯಾಗಿ ಊರಿನ ಇನ್ನೊಂದು ತುದಿಯಲ್ಲಿ ಮನೆ ಮಾಡಿದ ಮೇಲೆ ಆ ಮಾತೂ ಆಗೊಮ್ಮೆ ಈಗೊಮ್ಮೆ ಫೋನಿನಲ್ಲಿ ಕೇಳುವಷ್ಟಕ್ಕೆ ಬಂದು ನಿಂತಿತ್ತು.

ತಂದೆ ತಾಯಿ ಬೇಗ ಹೋದದ್ದರಿಂದ ತಮ್ಮನನ್ನು ಬೆಳೆಸಿದವನು ಇವನೇ. ಗುಬ್ಬಿ ಎಂದು ಕರೆಯುತ್ತಿದ್ದ. ಗುಬ್ಬಿ ಕಾಲೇಜು ಸೇರಿದ ವರ್ಷ ಮನೆಗೆ ಕಂಪ್ಯೂಟರ್ ಬಂತು. ಓದುವುದಕ್ಕೆಂದು ತಂದದ್ದು, ಭಾನುವಾರ ಮಾತ್ರ ಅದರಲ್ಲಿ ಕಾರಿನ ಆಟ. ಇದ್ದದ್ದು ಒಂದೇ ಕೀಬೋರ್ಡು. ತಮ್ಮ ಕಾರು ತಿರುಗಿಸಬೇಕು, ಅಣ್ಣ ಬ್ರೇಕು ಹಾಕಬೇಕು. ಕಾರು ಗೋಡೆಗೆ ಗುದ್ದಿದಾಗಲೆಲ್ಲ ತಪ್ಪು ಯಾರದೆಂದು ಊಟದ ತನಕ ಜಗಳ. ಆ ಜಗಳದ ಗದ್ದಲದಲ್ಲಿ ಮನೆ ತುಂಬಿದಂತಿರುತ್ತಿತ್ತು. ಮನೆ ಬಿಟ್ಟು ಹೋಗುವಾಗ ತಮ್ಮ, "ಹಳೇದಾಯ್ತು ಅಣ್ಣ, ಗುಜರಿಗೆ ಹಾಕಿಬಿಡು" ಎಂದಿದ್ದ. ಫಿಟ್ಟರ್ ಅದಕ್ಕೊಂದು ಹಳೆಯ ಪಂಚೆ ಹೊದಿಸಿ ಮೂಲೆಯಲ್ಲಿಟ್ಟ.

ಒಂದು ಭಾನುವಾರ ತಮ್ಮನ ಮನೆಗೆ ಹೋದಾಗ ಅವನು ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಗೆಳೆಯರ ಜೊತೆ ಆಡುತ್ತಿದ್ದ. ನಾಲ್ವರ ತಂಡ, ಒಂದು ದ್ವೀಪ, ಪಾಳುಬಿದ್ದ ಕಟ್ಟಡಗಳು. ಎದುರಾಳಿ ತಂಡದ ಕಣ್ಣಿಗೆ ಬೀಳದೆ ಕೊನೆಯವರೆಗೆ ಜೀವ ಉಳಿಸಿಕೊಂಡವರು ಗೆದ್ದಂತೆ. ತಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆ ನಗು ಕೇಳಿ ಎಷ್ಟು ಕಾಲವಾಯಿತೆಂದು ಫಿಟ್ಟರ್‌ಗೆ ನೆನಪಾಗಲಿಲ್ಲ.

"ಇದನ್ನ ನಮ್ಮ ಹಳೇ ಕಂಪ್ಯೂಟರಲ್ಲಿ ಆಡಬಹುದಾ?" ಎಂದು ಕೇಳಿದ.

"ಅದು ಆನ್ ಆದ್ರೇ ದೊಡ್ಡದು, ಬಿಡಣ್ಣ."

ಫಿಟ್ಟರ್ ಆಟದ ಹೆಸರನ್ನೂ ಅದರಲ್ಲಿ ತಮ್ಮ ಇಟ್ಟುಕೊಂಡಿದ್ದ ಹೆಸರನ್ನೂ ತೆರೆಯ ಮೂಲೆಯಲ್ಲಿ ನೋಡಿ ಮನಸ್ಸಿನಲ್ಲಿಟ್ಟುಕೊಂಡ.

ಮರುವಾರ ಕಂಪ್ಯೂಟರನ್ನು ಹೊತ್ತು ರಿಪೇರಿ ಅಂಗಡಿಗೆ ಹೋದ. ಅಂಗಡಿಯಾಕೆ ಮುಚ್ಚಳ ತೆಗೆದು, ಒಳಗಿನ ಧೂಳನ್ನು ಬ್ರಷ್ಷಿನಿಂದ ಗುಡಿಸಿ, ಮೂಗು ಮುರಿದಳು.

"ಪ್ರೊಸೆಸರ್ ಸಾಲಲ್ಲ ಸರ್. ಇದೇ ಬೋರ್ಡಿಗೆ ಕೂರೋ ಇನ್ನೊಂದು ಜೋರಾಗಿರೋದು ಸೆಕೆಂಡ್‌ಹ್ಯಾಂಡಲ್ಲಿ ಸಿಗುತ್ತೆ. ರ‍್ಯಾಮ್ ಜಾಸ್ತಿ ಮಾಡಬೇಕು. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ. ಗ್ರಾಫಿಕ್ಸ್ ಕಾರ್ಡಂತೂ ಇಲ್ಲವೇ ಇಲ್ಲ. ಅದನ್ನ ಹಾಕಿದ್ರೆ ಈ ಪವರ್ ಸಪ್ಲೈ ಎಳೆಯಲ್ಲ. ಹೊಸದೇ ತಗೊಂಡುಬಿಡಿ."

"ಇದನ್ನೇ ಮಾಡಿಕೊಡಿ."

"ಅಷ್ಟೆಲ್ಲ ಬದಲಾಯಿಸಿದ್ರೆ ಹಳೇದು ಅಂತ ಏನು ಉಳಿಯುತ್ತೆ ಸರ್?"

"ಡಬ್ಬ ಉಳಿಯುತ್ತಲ್ಲ."

ಆಕೆ ನಕ್ಕಳು. ಹುಡುಕಿ, ಹೊಂದಿಸಿ, ಒಂದೊಂದಾಗಿ ಎಲ್ಲವನ್ನೂ ತರಿಸಿಕೊಟ್ಟಳು. ಜೋಡಿಸುವ ಕೆಲಸವನ್ನು ಮಾತ್ರ ಫಿಟ್ಟರ್ ತಾನೇ ಮಾಡುತ್ತೇನೆಂದು ಪಟ್ಟು ಹಿಡಿದ. ಸರಿ, ಹೇಗೆ ಮಾಡಬೇಕೆಂದು ಆಕೆ ಬಾಯಲ್ಲೇ ಹೇಳಿಕೊಟ್ಟಳು.

ಅಂದುಕೊಂಡಷ್ಟು ಸಲೀಸಾಗಲಿಲ್ಲ. ಗ್ರಾಫಿಕ್ಸ್ ಕಾರ್ಡು ಮುಂಗೈಯಷ್ಟು ಉದ್ದ. ಡಬ್ಬದೊಳಗೆ ಡಿಸ್ಕ್ ಕೂರಿಸುವ ತಗಡಿನ ಗೂಡು ಅಡ್ಡ ಬಂತು. ಫಿಟ್ಟರ್ ಎಲ್ಲವನ್ನೂ ಹೊರಗೆ ತೆಗೆದು, ಡಬ್ಬವನ್ನು ಬಚ್ಚಲಿಗೆ ಒಯ್ದು, ಗೂಡನ್ನು ಗರಗಸದಿಂದ ಕೊಯ್ದ. ಕೊಯ್ದ ಅಂಚನ್ನು ಬೆರಳಿಗೆ ತಾಗದಂತೆ ಅರದಲ್ಲಿ ಉಜ್ಜಿದ. ಎಲ್ಲ ಜೋಡಿಸಿ ಗುಂಡಿ ಒತ್ತಿದರೆ ಫ್ಯಾನು ತಿರುಗಿತು, ತೆರೆ ಮಾತ್ರ ಕಪ್ಪಗೇ ಉಳಿಯಿತು. ಅಂಗಡಿಯಾಕೆಗೆ ಫೋನು ಮಾಡಿದ. ರ‍್ಯಾಮ್ ಬಿಚ್ಚಿ ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಲು ಹೇಳಿದಳು. ತಿಕ್ಕಿ ಹಾಕಿದ. ತೆರೆ ಬೆಳಗಿತು. ಫಿಟ್ಟರ್ ಎದ್ದು ನಿಂತು ಸುತ್ತ ನೋಡಿದ. ಬಂತು ಎಂದು ಹೇಳಲು ಕೋಣೆಯಲ್ಲಿ ಯಾರೂ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಆಟಕ್ಕಿಳಿದ. ಆಟವೇ ಅವನಿಗೊಂದು ಅಂಕಿ ತುಂಬಿದ ಹೆಸರು ಕೊಟ್ಟಿತು. ಬದಲಾಯಿಸುವುದು ಹೇಗೆಂದು ತಿಳಿಯದೆ ಹಾಗೇ ಬಿಟ್ಟ. ತಮ್ಮನ ಹೆಸರು ಹುಡುಕಿ ತಂಡಕ್ಕೆ ಸೇರಿಸಿಕೊಳ್ಳಿ ಎಂಬ ಗುಂಡಿ ಒತ್ತಿದ. ಅಂದು ಅವರಿಗೂ ಒಬ್ಬ ಕಡಿಮೆ ಇದ್ದನೆಂದು ಕಾಣುತ್ತದೆ, ತಕ್ಷಣ ಸೇರಿಸಿಕೊಂಡರು. ಸ್ಪೀಕರಿನಲ್ಲಿ ತಮ್ಮನ ದನಿ ಕೇಳಿತು.

"ಬನ್ನಿ ಬ್ರದರ್. ಮೈಕ್ ಇದೆಯಾ?"

ಮೈಕ್ ಇರಲಿಲ್ಲ. ಅದು ಬೇಕಾಗುತ್ತದೆಂದು ಅವನಿಗೆ ಹೊಳೆದೇ ಇರಲಿಲ್ಲ. ನಾನು ನಿನ್ನಣ್ಣ ಎಂದು ಟೈಪು ಮಾಡಲು ಅಕ್ಷರ ಹುಡುಕುವಷ್ಟರಲ್ಲಿ ಆಟ ಶುರುವಾಯಿತು. ಬ್ರದರ್ ಎಂದದ್ದು ಕೇಳಿ ಫಿಟ್ಟರ್‌ಗೆ ನಗು ತಡೆಯಲಾಗಲಿಲ್ಲ. ಇರಲಿ, ಆಟ ಮುಗಿದ ಮೇಲೆ ಹೇಳಿದರಾಯಿತು ಎಂದುಕೊಂಡ. ಸುಮ್ಮನೆ ಅವರ ಹಿಂದೆ ಓಡಿದ. ಗೋಡೆಗೆ ಡಿಕ್ಕಿ ಹೊಡೆದ, ನೀರಿಗೆ ಬಿದ್ದ, ಎಲ್ಲರಿಗಿಂತ ಮೊದಲು ಸತ್ತ. ಗೆಳೆಯರು ಗೊಣಗಿದರು. "ಪಾಪ, ಹೊಸಬರು, ಇರಲಿ ಬಿಡ್ರೋ" ಎಂದು ತಮ್ಮನೇ ಪರ ವಹಿಸಿದ. ಆಮೇಲೆ ಪ್ರತಿ ಆಟದಲ್ಲೂ ಅವನನ್ನು ಬೆನ್ನಿಗಿಟ್ಟುಕೊಂಡೇ ಹೋದ.

ಸಂಜೆ ಗೆಳೆಯರಿಬ್ಬರೂ ಹೊರಟರು. ಹೋಗುವ ಮುನ್ನ ಒಬ್ಬ ಕೇಳಿದ, "ಮನೆಯವರು ಹೇಗಿದ್ದಾರೋ ಈಗ?"

"ಪರವಾಗಿಲ್ಲ" ಎಂದ ತಮ್ಮ.

ದ್ವೀಪದಲ್ಲಿ ಇವರಿಬ್ಬರೇ ಉಳಿದರು. ತಮ್ಮನ ಆಟಗಾರ ಒಂದು ಮುರುಕು ಮನೆಯ ಮೆಟ್ಟಿಲ ಮೇಲೆ ಕುಳಿತ. ಫಿಟ್ಟರ್ ತನ್ನವನನ್ನೂ ಒಯ್ದು ಪಕ್ಕದಲ್ಲಿ ನಿಲ್ಲಿಸಿದ. ಈಗ ಹೇಳಬೇಕು ಎಂದು ಕೀಬೋರ್ಡಿನ ಮೇಲೆ ಬೆರಳಿಟ್ಟಿದ್ದ.

"ನಿಮಗೆ ಮಕ್ಕಳಿದ್ದಾರಾ ಬ್ರದರ್?" ತಮ್ಮನ ದನಿ ತಗ್ಗಿತ್ತು. "ನಮಗೆ ಆಗೋದಿತ್ತು. ಐದನೇ ತಿಂಗಳು. ಉಳೀಲಿಲ್ಲ."

ತಮ್ಮನ ಹೆಂಡತಿ ಬಸುರಿಯಾಗಿದ್ದಳೆಂಬುದೇ ಫಿಟ್ಟರ್‌ಗೆ ಗೊತ್ತಿರಲಿಲ್ಲ.

"ಯಾರ ಹತ್ರ ಹೇಳೋದು ಹೇಳಿ. ಅವಳ ಮುಂದೆ ನಾನು ಅಳೋ ಹಾಗಿಲ್ಲ. ಅಣ್ಣ ಒಬ್ಬನಿದ್ದಾನೆ. ಅವನಿಗೆ ಹೇಳಿದ್ರೆ ಮುಗೀತು, ಊಟ ನಿದ್ದೆ ಬಿಟ್ಟು ಅದನ್ನೇ ಯೋಚಿಸ್ಕೊಂಡು ಕೂತುಬಿಡ್ತಾನೆ. ಮೊದಲೇ ಒಬ್ಬಂಟಿ."

ಫಿಟ್ಟರ್ ಕೀಬೋರ್ಡಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. ತಮ್ಮ ಇನ್ನೂ ಸ್ವಲ್ಪ ಹೊತ್ತು ಮಾತಾಡಿದ; ಆಸ್ಪತ್ರೆಯ ಕಾರಿಡಾರಿನ ಬೆಂಚು, ಆಮೇಲೆ ಮನೆಗೆ ಬಂದು ಇಬ್ಬರೂ ಟಿವಿ ಹಾಕಿಕೊಂಡು ಏನನ್ನೂ ನೋಡದೆ ಕೂತದ್ದು. ಕೊನೆಗೆ, "ಕೇಳಿಸಿಕೊಂಡ್ರಲ್ಲ, ಥ್ಯಾಂಕ್ಸ್ ಬ್ರದರ್" ಎಂದು ಹೊರಟುಹೋದ.

ಮರುದಿನ ಕೆಲಸ ಮುಗಿಸಿದವನೇ ಫಿಟ್ಟರ್ ತಮ್ಮನ ಮನೆಗೆ ಹೋದ. ತಮ್ಮ ಇನ್ನೂ ಬಂದಿರಲಿಲ್ಲ. ಬಾಗಿಲು ತೆರೆದ ತಮ್ಮನ ಹೆಂಡತಿ ಇಳಿದುಹೋಗಿದ್ದಳು.

"ಏನ್ ಭಾವ, ಹೇಳದೆ ಕೇಳದೆ ಬಂದ್ರಿ?"

"ಈ ಕಡೆ ಕೆಲಸ ಇತ್ತಮ್ಮ. ಆರಾಮಾ?"

"ಆರಾಮ ಭಾವ."

ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಫಿಟ್ಟರ್ ಅದನ್ನು ಬಿಚ್ಚಿ ವಾಷರ್ ಬದಲಾಯಿಸಲು ಕುಳಿತ. ಕೈಗೊಂದು ಕೆಲಸ ಸಿಕ್ಕಿದ್ದು ಅವನಿಗೂ ಒಳ್ಳೆಯದೇ ಆಯಿತು. ಆಕೆ ಬಾಗಿಲಿಗೊರಗಿ ನಿಂತು ನೋಡುತ್ತಿದ್ದಳು. ನಲ್ಲಿ ಸರಿಯಾಗಿ ಇವನು ಎದ್ದಾಗ, "ಇನ್ನೊಂದು ಸ್ವಲ್ಪ ಹೊತ್ತು ಇರಿ ಭಾವ, ಮನೆ ಬಿಕೋ ಅನ್ನುತ್ತೆ" ಎಂದಳು. ಇದ್ದ. ತಮ್ಮ ಬಂದು, "ಎಲ್ಲಾ ಚೆನ್ನಾಗಿದೆ ಅಣ್ಣ" ಎಂದು ಕಣ್ಣು ತಪ್ಪಿಸಿ ಹೇಳುವವರೆಗೂ ಇದ್ದ.

ಮುಂದಿನ ಭಾನುವಾರಗಳಲ್ಲಿ ಅವನು ಮತ್ತೆ ಮತ್ತೆ ದ್ವೀಪಕ್ಕೆ ಹೋದ. ಗೆಳೆಯರು ಹೊರಟ ಮೇಲೆ ತಮ್ಮ ಮಾತಿಗಿಳಿಯುತ್ತಿದ್ದ. ಬೇಕಿದ್ದರೆ ಹೀಗೇ ಇನ್ನೂ ಎಷ್ಟು ಕಾಲವಾದರೂ ಕೇಳಬಹುದಿತ್ತು. ಆದರೆ ಪ್ರತಿ ಸಲವೂ ಕಿಟಕಿಯ ಹೊರಗೆ ನಿಂತು ಕದ್ದು ಕೇಳಿದ ಹಾಗಾಗುತ್ತಿತ್ತು. ರಾತ್ರಿ ಬಡಿಸಿಕೊಂಡ ತಟ್ಟೆಯನ್ನು ಹಾಗೇ ಮುಚ್ಚಿಡುತ್ತಿದ್ದ. ಹೇಳಿಬಿಡೋಣವೆಂದರೆ, ನಂಬಿ ಬಿಚ್ಚಿಟ್ಟ ತಮ್ಮನ ಮುಖ ಏನಾದೀತು?

ಅಂಗಡಿಯಾಕೆಯ ಬಳಿ ಹೋಗಿ ಮೈಕಿರುವ ಹೆಡ್‌ಫೋನು ತೆಗೆದುಕೊಂಡ. ಹೊಸ ಹೆಸರಿನಲ್ಲಿ ಆಟಕ್ಕೆ ಸೇರುವುದು ಹೇಗೆಂದೂ ಕೇಳಿಕೊಂಡ.

"ಹಳೇ ಹೆಸರಿಗೆ ಏನಾಯ್ತು ಸರ್?"

"ಅವನು ಬೇಡ ಇನ್ನು."

ಆ ಭಾನುವಾರ ತಮ್ಮ ಒಬ್ಬನೇ ಇದ್ದ. ಫಿಟ್ಟರ್ ಹೊಸ ಹೆಸರಿನಲ್ಲಿ ಸೇರಿಕೊಂಡು ಮೈಕನ್ನು ಬಾಯಿಯ ಹತ್ತಿರಕ್ಕೆ ಎಳೆದುಕೊಂಡ.

"ಗುಬ್ಬಿ."

ಆಚೆ ಕಡೆ ಕುರ್ಚಿ ಎಳೆದ ಸದ್ದು. ಆಮೇಲೆ, "ಅಣ್ಣಾ? ನೀನಾ? ಎಲ್ಲಿಂದ?"

"ಮನೆಯಿಂದ್ಲೇ. ನಮ್ಮ ಹಳೇ ಕಂಪ್ಯೂಟರಲ್ಲಿ. ಇವತ್ತೇ ಶುರು ಮಾಡಿದೆ."

ತಮ್ಮ ನಕ್ಕ, ಹೊಟ್ಟೆ ಹಿಡಿದುಕೊಂಡು ನಗುವ ಆ ನಗು. ಓಡುವುದು ಹೇಗೆ, ಬಾಗುವುದು ಹೇಗೆ, ಬಾಗಿಲು ತೆರೆಯುವುದು ಹೇಗೆ ಎಂದು ಎಲ್ಲವನ್ನೂ ಮೊದಲಿನಿಂದ ಹೇಳಿಕೊಟ್ಟ. ಫಿಟ್ಟರ್ ಗೊತ್ತಿದ್ದದ್ದನ್ನೆಲ್ಲ ಗೊತ್ತಿಲ್ಲದವನಂತೆ ಕಲಿತ. ಒಂದೆರಡು ಸಲ ಬೇಕೆಂದೇ ನೀರಿಗೆ ಬಿದ್ದ.

"ನಮ್ಮ ಜೊತೆ ಒಬ್ರು ಬರ್ತಿದ್ರು ಅಣ್ಣ, ಥೇಟ್ ನಿನ್ನ ಹಾಗೇ ಆಡೋರು" ಎಂದ ತಮ್ಮ. "ಮಾತೇ ಇಲ್ಲ ಅವರದ್ದು. ಇವತ್ತು ಯಾಕೋ ಕಾಣ್ಲಿಲ್ಲ."

"ಬರ್ತಾರೆ ಬಿಡು."

"ಒಳ್ಳೇ ಜನ. ಅವರ ಹತ್ರ ಮಾತಾಡೋದು ಸುಲಭ ಅನ್ನಿಸೋದು."

ತಮ್ಮನಿಂದ ಒಂದು ಮಾತು ಹೊರಡಬೇಕಾದರೆ ತನ್ನದೊಂದು ಮಾತು ಮೊದಲು ಹೊರಡಬೇಕೆಂದು ಫಿಟ್ಟರ್‌ಗೆ ಅನ್ನಿಸಿತ್ತು. ಅಂಥ ಮಾತು ಆಡಿ ಅಭ್ಯಾಸವಿರಲಿಲ್ಲ.

"ನೀನು ಹೋದ ಮೇಲೆ ನಾನು ಚೆನ್ನಾಗಿಲ್ಲ ಗುಬ್ಬಿ" ಎಂದ. "ಒಬ್ಬನಿಗೆ ಅಂತ ಒಲೆ ಹಚ್ಚೋಕೆ ಮನಸ್ಸೇ ಬರಲ್ಲ. ಯಾವತ್ತೂ ಹೇಳಿರಲಿಲ್ಲ. ಹೇಳಬೇಕು ಅನ್ನಿಸ್ತು."

ತಮ್ಮ ಆಟ ಆಡುವುದನ್ನು ನಿಲ್ಲಿಸಿದ. ಅವನು ಉಸಿರಾಡುವುದು ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು.

"ಅಣ್ಣ..." ಎಂದ. ಅಷ್ಟರಲ್ಲಿ ದೂರದಿಂದ ಹೆಂಡತಿ ಕರೆದ ದನಿ. "ಬಂದೆ" ಎಂದು ಆ ಕಡೆ ಕೂಗಿದ. ಮತ್ತೆ ಮೈಕಿಗೆ ಬಂದ. "ನಿನಗೊಂದು ವಿಷಯ ಹೇಳೋದಿದೆ. ಇಲ್ಲಿ ಬೇಡ. ನಾವಿಬ್ಬರೂ ಮನೆಗೇ ಬರ್ತೀವಿ."

"ಬನ್ನಿ. ಯಾವಾಗ ಬೇಕಾದ್ರೂ ಬನ್ನಿ."

"ಏನು ವಿಷಯ ಅಂತ ಕೇಳಲ್ವಾ?"

"ನೀನು ಹೇಳಿದಾಗ ಕೇಳ್ತೀನಿ."

ತಮ್ಮ ಹೊರಟುಹೋದ. ದ್ವೀಪದ ಮೇಲೆ ಬಿಸಿಲು ಇಳಿಯುತ್ತಿತ್ತು. ಎತ್ತರದ ಹುಲ್ಲು ಗಾಳಿಗೆ ಒಂದೇ ಕಡೆಗೆ ವಾಲುತ್ತಿತ್ತು. ಎಲ್ಲೋ ದೂರದಲ್ಲಿ, ಗುರುತಿಲ್ಲದ ಜನ ಒಬ್ಬರಿಗೊಬ್ಬರು ಗುಂಡು ಹಾರಿಸುತ್ತಿದ್ದರು. ಫಿಟ್ಟರ್ ತನ್ನ ಆಟಗಾರನನ್ನು ಹುಲ್ಲಿನ ನಡುವೆ ಕೂರಿಸಿ ಕೀಬೋರ್ಡಿನಿಂದ ಕೈ ತೆಗೆದ. ಬಂದು ಹೊಡೆದರೆ ಹೊಡೆಯಲಿ ಎಂದುಕೊಂಡ. ಬಹಳ ಹೊತ್ತು ಕೂತಿದ್ದರೂ ಆ ಕಡೆ ಯಾರೂ ಬರಲಿಲ್ಲ.